ಹೋಗು ಎಂದರೆ ಬರುವ ನಾಯಿ

ಸ್ವರ ಸಣ್ಣದಿರುವವರು ನಾಯಿ ಸಾಕಬಾರದು. ದನ ಸಾಕಬಹುದು, ಅದು ಹುಲ್ಲಿನ ಸದ್ದಿಗೇ ತಿರುಗಿ ನೋಡುತ್ತದೆ. ಬೆಕ್ಕು ಸಾಕಬಹುದು, ಅದು ಎಷ್ಟು ದೊಡ್ಡ ಸ್ವರದವರು ಕರೆದರೂ ಬರುವುದಿಲ್ಲ, ಆದ್ದರಿಂದ ಯಾರಿಗೂ ಅವಮಾನವಿಲ್ಲ. ನಾಯಿ ಹಾಗಲ್ಲ. ನಾಯಿಯನ್ನು ಕರೆಯಬೇಕು, ಅದೂ ನಾಲ್ಕು ಮನೆಗೆ ಕೇಳುವ ಹಾಗೆ ಕರೆಯಬೇಕು. ನನ್ನ ಸ್ವರವೋ, ಬಾಯಿಂದ ಹೊರಟು ಗಲ್ಲದ ತುದಿಯಲ್ಲೇ ಇಳಿದು ಕುಳಿತುಕೊಳ್ಳುವ ಜಾತಿಯದು. ಶಾಲೆಯಲ್ಲಿ ಹಾಜರಿ ಕರೆಯುವಾಗ ನಾನು ಓ ಎಂದದ್ದು ಮಾಸ್ಟ್ರಿಗೆ ಕೇಳದೆ, ಎದುರಿಗೇ ಕುಳಿತಿದ್ದ ನನ್ನನ್ನು ಅವರು ಬಾರದವಳೆಂದು ಬರೆದುಕೊಂಡದ್ದು ಎಷ್ಟು ಸಲವೋ. ಏಳನೆಯ ತರಗತಿಯನ್ನು ನಾನು ಮುಗಿಸಿದ್ದು ಹೆಚ್ಚಾಗಿ ಗೈರುಹಾಜರಿಯಲ್ಲೇ.

ಸ್ವರದ ಜೊತೆಗೆ ನಾಚಿಕೆಯೂ ಇತ್ತು. ಯಾರಾದರೂ ಕರೆದರೆ ಒಳಗೆ ಓಡುವುದು ನನಗೆ ಹುಟ್ಟಿನಿಂದ ಬಂದದ್ದು. ಹೆಣ್ಣು ನೋಡಲು ಬಂದ ದಿನ ನನ್ನ ತಾಯಿ "ಬಾ, ಬಾ" ಎಂದು ಕರೆದಷ್ಟೂ ನಾನು ಅಟ್ಟದ ಏಣಿ ಹತ್ತಿದೆ. ಮಕ್ಕಳೇ, ನಿಮ್ಮ ಅಜ್ಜ ಆ ದಿನ ನೋಡಿದ್ದು ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಎರಡು ಪಾದಗಳನ್ನು ಮಾತ್ರ. "ಮುಖ ಮತ್ತೆ ನೋಡಿದರಾಯಿತು, ಕಾಲು ಗಟ್ಟಿ ಉಂಟು" ಎಂದು ಅವರ ತಾಯಿ ಒಪ್ಪಿಗೆ ಕೊಟ್ಟರಂತೆ. ಮದುವೆಯಾದ ಮೇಲೆ ನನ್ನ ಪಾಲಿನ ಮಾತುಗಳನ್ನೂ ನಿಮ್ಮ ಅಜ್ಜನೇ ಆಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನ್ನ ಮೇಲೆಯೇ ಬಿತ್ತು. ನಾನು ಅದನ್ನು ಆದಷ್ಟು ಮುಂದೆ ಹಾಕಿಕೊಂಡೇ ಬಂದೆ, ಪೋಲೋ ಬರುವ ತನಕ.

ಧನ್ಯಾ, ನಿಹಾಲ್, ಪೋಲೋ ನಮ್ಮ ಶಂಕರಪುರದ ಮನೆಗೆ ಬಂದದ್ದು ನಿಮ್ಮಿಬ್ಬರ ಹಟದಿಂದ. ನಿಮ್ಮ ಅಪ್ಪನ ಜೊತೆ ಉಡುಪಿಯ ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರ ಕಾರ್ಕಳದ ಮನೆಯಲ್ಲಿ ನಾಯಿ ಮರಿ ಹಾಕಿತ್ತು. ಒಂದು ಭಾನುವಾರ ನೀವೆಲ್ಲ ಸೇರಿ ಹೋಗಿ, ರಟ್ಟಿನ ಪೆಟ್ಟಿಗೆಯಲ್ಲಿ ಕಂದು ಬಣ್ಣದ ಎರಡು ಕಿವಿಗಳನ್ನು ತಂದಿರಿ. ಕಿವಿಗಳ ನಡುವೆ ಎಲ್ಲೋ ಒಂದು ನಾಯಿಯೂ ಇತ್ತು. "ಅಜ್ಜಿ, ಇದು ಸ್ಪ್ಯಾನಿಯಲ್" ಎಂದಿರಿ. ನನಗೆ ಕೇಳಿದ್ದು ಸ್ಪ್ಯಾನರ್. ಪಕ್ಕದ ಮನೆಯ ಲೀನಾ ಬಾಯಿ ಕಂಪೌಂಡಿನ ಆಚೆಯಿಂದ, "ಎಂತ ತಂದದ್ದು ಸುಮತಿಯಕ್ಕ?" ಎಂದು ಕೇಳಿದಾಗ ನಾನು, "ಸ್ಪ್ಯಾನರ್ ಅಂತೆ" ಎಂದೆ. ಅವರ ಗಂಡ ಗಲ್ಫಿನ ಗ್ಯಾರೇಜಿನಲ್ಲಿ ಇದ್ದವರು. "ಅಯ್ಯೋ, ಅದಕ್ಕೆ ಕಾರ್ಕಳಕ್ಕೆ ಯಾಕೆ ಹೋದದ್ದು? ನಮ್ಮಲ್ಲಿ ಎಲ್ಲ ಸೈಜಿನದ್ದೂ ಉಂಟು" ಎಂದು ಒಂದು ಪೆಟ್ಟಿಗೆಯನ್ನೇ ತಂದು ಗೋಡೆಯ ಮೇಲಿಟ್ಟರು. ಲೀನಾ ಬಾಯಿಗೆ ಹೆಸರಿನಲ್ಲೂ ಬಾಯಿ ಉಂಟು, ಮುಖದಲ್ಲೂ ಬಾಯಿ ಉಂಟು. ನನಗೆ ಎರಡು ಕಡೆಯೂ ಇಲ್ಲವಾದ್ದರಿಂದ ನಾನು ಸುಮ್ಮನೆ ಪೆಟ್ಟಿಗೆಯನ್ನು ಒಳಗೆ ತೆಗೆದುಕೊಂಡು ಹೋಗಿ, ಮರುದಿನ ಉಪಕಾರವಾಯಿತು ಎಂದು ಹಿಂದೆ ಕೊಟ್ಟೆ.

ನಮ್ಮ ಕಾಲದಲ್ಲಿಯೂ ಮನೆಗೊಂದು ನಾಯಿ ಇತ್ತು. ಎಲ್ಲ ಮನೆಯ ನಾಯಿಗೂ ಟೈಗರ್ ಎಂದೇ ಹೆಸರು. ಹಟ್ಟಿಯ ಪಕ್ಕ ಮಲಗುವುದು, ಉಳಿದ ಅನ್ನ ತಿನ್ನುವುದು, ಮಳೆ ಬಂದರೆ ಅದೇ ಸ್ನಾನ. ಈ ಹೊಸ ನಾಯಿಗೆ ಬಾಚಣಿಗೆ ಬಂತು, ಶಾಂಪೂ ಬಂತು, ಹಾಸಿಗೆ ಬಂತು. "ಕಳ್ಳ ಬಂದರೆ ಇದು ಎಂತ ಮಾಡ್ತದೆ?" ಎಂದು ನಾನು ನಿಮ್ಮ ಅಪ್ಪನನ್ನು ಕೇಳಿದೆ. "ಬಾಲ ಅಲ್ಲಾಡಿಸ್ತದೆ ಅಮ್ಮ" ಎಂದ. ಅದೂ ಪೂರ್ತಿ ನಿಜವಲ್ಲ. ಬಾಲ ಅಲ್ಲಾಡಿದರೆ ಅದರ ಜೊತೆ ನಾಯಿಯ ಹಿಂದಿನ ಅರ್ಧವೂ ಅಲ್ಲಾಡುತ್ತದೆ, ಸಂತೋಷ ಹೆಚ್ಚಾದರೆ ಮುಂದಿನ ಅರ್ಧವೂ ಅಲ್ಲಾಡಿ ನಾಯಿಯೇ ಬೀಳುತ್ತದೆ.

ಹೆಸರಿಡುವ ಚರ್ಚೆ ಊಟದ ಹೊತ್ತಿಗೆ ನಡೆಯಿತು. ನಿಹಾಲ್ ಪೋಲೋ ಎಂದ. ಕುದುರೆಯ ಮೇಲೆ ಕುಳಿತು ಚೆಂಡು ಹೊಡೆಯುವ ಆಟವಂತೆ. ನಮ್ಮಲ್ಲಿ ಕುದುರೆ ಇರಲಿಲ್ಲ. ಇದ್ದ ಚೆಂಡುಗಳೆಲ್ಲ ನಾನು ದಿನಾ ಕಟ್ಟುವ ಮಲ್ಲಿಗೆಯ ಚೆಂಡುಗಳು. ಆದರೂ ಎಲ್ಲರಿಗೂ ಹೆಸರು ಹಿಡಿಸಿತು. ನಿಮ್ಮ ಅಮ್ಮ ಶಿವಮೊಗ್ಗದವಳು, ಅವಳಿಗೆ ತುಳು ಬರುವುದಿಲ್ಲ. ನೀವು ಮಾತಾಡುವುದು ಕನ್ನಡ, ಜಗಳಾಡುವುದು ಇಂಗ್ಲಿಷ್. ಮನೆಯಲ್ಲಿ ತುಳು ಉಳಿದಿರುವುದು ನನ್ನ ಮತ್ತು ನಿಮ್ಮ ಅಪ್ಪನ ನಡುವೆ, ಅದೂ ಅವನಿಗೆ ಹಸಿವಾದಾಗ. ಆ ಹೊತ್ತಿಗೆ ಅವನ ಹೊಟ್ಟೆ ತುಂಬಿತ್ತು. ಹಾಗಾಗಿ ಆ ಹೆಸರಿನ ಒಳಗೆ ಎಂತ ಉಂಟು ಎಂದು ಯಾರೂ ನೋಡಲಿಲ್ಲ. ಹೆಸರು ಎಂದ ಮೇಲೆ ಹೆಸರೇ ಎಂದು ನಾನೂ ಒಪ್ಪಿಕೊಂಡೆ.

ಅದೇ ಊಟದಲ್ಲಿ ಕೆಲಸದ ಹಂಚಿಕೆಯೂ ಆಯಿತು. ಧನ್ಯಾ ನಡೆಸಿಕೊಂಡು ಹೋಗುವುದು, ನಿಹಾಲ್ ಬಾಚುವುದು, ಅಪ್ಪ ಸ್ನಾನ ಮಾಡಿಸುವುದು, ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಮ್ಮ ಔಷಧಿ ಹಾಕುವುದು. "ಅಜ್ಜಿ, ನಿಮಗೆ ಎಂತದೂ ಕೆಲಸ ಇಲ್ಲ" ಎಂದಿರಿ. ಮರುದಿನ ಬೆಳಿಗ್ಗೆ ಶಾಲೆಯ ಬಸ್ ಬಂತು, ಸ್ಕೂಟರ್ ಹೊರಟಿತು, ಕಾರು ಹೊರಟಿತು, ಗೇಟು ಮುಚ್ಚಿತು. ನಾನು ಮತ್ತು ಪೋಲೋ ಮುಖ ಮುಖ ನೋಡಿಕೊಂಡು ಉಳಿದೆವು. ಎಂತದೂ ಇಲ್ಲದ ಆ ಕೆಲಸವನ್ನು ಅಂದಿನಿಂದ ಇಂದಿನವರೆಗೆ ನಾನೊಬ್ಬಳೇ ಮಾಡುತ್ತಿದ್ದೇನೆ.

ಕೆಲಸವೆಂದರೆ ಮುಖ್ಯವಾಗಿ ಕಿವಿ. ಮಣಿಪಾಲದ ನಾಯಿ ಡಾಕ್ಟರು ಕಿವಿ ಮಗುಚಿ ನೋಡಿ, "ಇದು ಯಾವಾಗಲೂ ಒಣಗಿರಬೇಕು, ಒಳಗೆ ಗಾಳಿ ಆಡಬೇಕು" ಎಂದರು. ಅವರು ಅದನ್ನು ಹೇಳಿದ್ದು ಆಷಾಢದಲ್ಲಿ. ನಮ್ಮ ಊರಿನಲ್ಲಿ ಆಷಾಢಕ್ಕೆ ಉಪ್ಪು ಒದ್ದೆ, ಬೆಂಕಿಪೆಟ್ಟಿಗೆ ಒದ್ದೆ, ಹಗ್ಗದ ಮೇಲಿನ ಸೀರೆ ಮೂರು ದಿನ ಒದ್ದೆ. ಇದರ ನಡುವೆ ಒಂದು ನಾಯಿಯ ಎರಡು ಕಿವಿ ಒಣಗಿರಬೇಕಂತೆ. ನನ್ನ ಕಿವಿ ಎರಡು ವರ್ಷದಿಂದ ಗುಂಯ್ ಎನ್ನುತ್ತಿದೆ, ಅದಕ್ಕೆ ಗಾಳಿ ಆಡುತ್ತದೋ ಎಂದು ಯಾರೂ ಕೇಳಿದವರಿಲ್ಲ. ಆದರೂ ನಾನು ದಿನಾ ಹತ್ತಿ ಹಿಡಿದು ಕುಳಿತೆ. ನಿಮ್ಮ ಅಮ್ಮನ ಕೂದಲು ಒಣಗಿಸುವ ಯಂತ್ರವನ್ನು ಅವಳಿಗೆ ಹೇಳದೆ ಹಿಡಿದೆ. (ಶ್ವೇತಾ, ನೀನೂ ಇದನ್ನು ಓದುತ್ತೀ ಎಂದು ಗೊತ್ತು. ಆ ಯಂತ್ರದಲ್ಲಿ ಬರುವ ವಾಸನೆ ನಿನ್ನ ಶಾಂಪೂವಿನದ್ದಲ್ಲ.)

ಎಲ್ಲಕ್ಕಿಂತ ಕಷ್ಟ ಊಟದ್ದು. ಪೋಲೋ ಗಂಜಿಗೆ ಬಾಯಿ ಹಾಕಿದರೆ ಬಾಯಿಗಿಂತ ಮೊದಲು ಕಿವಿಗಳು ಗಂಜಿ ಕುಡಿಯುತ್ತಿದ್ದವು. ಊಟ ಮುಗಿಸಿ ತಲೆ ಕೊಡವಿದರೆ ಗೋಡೆಯ ಮೇಲೆ, ದೇವರ ಫೋಟೋದ ಮೇಲೆ, ನನ್ನ ಕನ್ನಡಕದ ಮೇಲೆ ಅನ್ನದ ಅಗುಳು. ಕೊನೆಗೆ ನನಗೆ ತಿಳಿದ ಒಂದೇ ವಿದ್ಯೆಯನ್ನು ಉಪಯೋಗಿಸಿದೆ. ಮಲ್ಲಿಗೆ ಕಟ್ಟುವ ಬಾಳೆನಾರನ್ನು ನೀರಿನಲ್ಲಿ ನೆನೆಸಿ, ಎರಡು ಕಿವಿಗಳನ್ನೂ ನೆತ್ತಿಯ ಮೇಲೆ ಸೇರಿಸಿ, ಹೂವಿಗೆ ಹಾಕುವ ಗಂಟನ್ನೇ ಸಡಿಲವಾಗಿ ಹಾಕಿದೆ. ಆಗ ಪೋಲೋ ತಿರುಗಿ ನೋಡಿದ ರೀತಿ ನಮ್ಮ ಶಾಲೆಯ ಹೊಲಿಗೆ ಟೀಚರನ್ನೇ ಹೋಲುತ್ತಿತ್ತು. ಅವರೂ ಹೀಗೇ ನೆತ್ತಿಯ ಮೇಲೆ ತುರುಬು ಕಟ್ಟಿ, ಒದ್ದೆ ಕಣ್ಣಿನಿಂದ ನನ್ನ ಕಾಜಾ ಹೊಲಿಗೆಯನ್ನು ನೋಡುತ್ತಿದ್ದರು. ನನಗೆ ಎದ್ದು ನಿಲ್ಲಬೇಕೆಂದು ತೋರಿತು. ಗೋಡೆಯಾಚೆಯಿಂದ ಲೀನಾ ಬಾಯಿ, "ಎಂತ, ನಾಯಿಗೆ ಮದುವೆಯಾ?" ಎಂದರು.

ಪೋಲೋಗೆ ಮಾತು ಕಲಿಸುವ ಜವಾಬ್ದಾರಿ ನಿಮ್ಮ ಅಪ್ಪನದಾಗಿತ್ತು. ಅವನು ಒಂದು ಸಂಜೆ ಅಂಗಳದಲ್ಲಿ ನಿಂತು, ಬೆರಳು ತೋರಿಸಿ, "ಸಿಟ್" ಎಂದು ಗುಡುಗಿದ. ನಾಯಿ ಕುಳಿತುಕೊಳ್ಳಲಿಲ್ಲ. ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದ ನಾನು ಕುಳಿತೆ. ನನಗಂತೂ ಅದನ್ನು ಕರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಬಟ್ಟಲಿಗೆ ಸೌಟಿನಿಂದ ಎರಡು ಸಲ ಬಡಿದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. ಬಾಯಿಯ ಕೆಲಸವನ್ನು ಸೌಟೇ ಮಾಡುತ್ತಿದ್ದುದರಿಂದ ಪೋಲೋ ಎಂಬ ಶಬ್ದವನ್ನು ನಾನು ಒಮ್ಮೆಯೂ ಗಟ್ಟಿಯಾಗಿ ಹೇಳಿರಲಿಲ್ಲ. ಆಗಾಗ ಹೇಳಿ ಅಭ್ಯಾಸ ಮಾಡಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಈಗ ಗಿರಿಜಕ್ಕನ ವಿಷಯ ಹೇಳಬೇಕು. ಗಿರಿಜಕ್ಕ ಎರ್ಮಾಳಿನಿಂದ ಮೀನು ತರುವವರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವರು ಬುಟ್ಟಿ ಹೊತ್ತು ನಡೆದೇ ಬರುತ್ತಿದ್ದರು, ಈಗ ತಿರುವಿನವರೆಗೆ ರಿಕ್ಷಾದಲ್ಲಿ ಬಂದು ಅಲ್ಲಿಂದ ಬುಟ್ಟಿ ತಲೆಗೇರಿಸುತ್ತಾರೆ. ಅವರು ನನ್ನನ್ನು ಅಕ್ಕ ಎನ್ನುವುದು, ನಾನು ಅವರನ್ನು ಅಕ್ಕ ಎನ್ನುವುದು. ಯಾರು ದೊಡ್ಡವರೆಂದು ಇಬ್ಬರೂ ಲೆಕ್ಕ ಹಾಕಲು ಹೋಗಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡಿದ ಹೊರಗಿನವರಿದ್ದರೆ ಅವರೊಬ್ಬರೇ. ಕಾರಣ ಇಷ್ಟೇ: ಮೀನು ಕತ್ತರಿಸುವಾಗ ಅವರ ಕಣ್ಣು ಮೀನಿನ ಮೇಲಿರುತ್ತದೆ. ನನ್ನ ಮುಖ ನೋಡದವರ ಹತ್ತಿರ ನಾನು ಎಷ್ಟು ಬೇಕಾದರೂ ಮಾತಾಡಬಲ್ಲೆ. ನಾವು ಆಡುವುದು ತುಳು, ನಿಮಗೆ ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಗಿರಿಜಕ್ಕನ ಬುಟ್ಟಿ ಮೊದಲು ಇಳಿಯುವುದು ನಮ್ಮ ಅಂಗಳದಲ್ಲಿ. ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ನನ್ನ ಕೈಯಿಂದ ಆಗಬೇಕು. "ನಿಮ್ಮ ಕೈ ತಂಪು ಸುಮತಿಯಕ್ಕ, ನೀವು ನಾಲ್ಕು ಬಂಗುಡೆ ತಕ್ಕೊಂಡರೆ ಬುಟ್ಟಿ ಖಾಲಿಯಾದ ಹಾಗೆಯೇ" ಎನ್ನುತ್ತಾರೆ. ಬೋಣಿಯ ಹೊತ್ತಿಗೆ ಆಡಬಾರದ ಮಾತುಗಳಿವೆ. ಮೀನು ಬೇಡದಿದ್ದರೂ ಬೇಡ ಎನ್ನಬಾರದು, ನಾಳೆ ಬನ್ನಿ ಎನ್ನಬೇಕು. ಹೋಗಿ ಎಂಬ ಮಾತಂತೂ ತುಟಿಗೆ ಬರಲೇಬಾರದು. ಬಂದರೆ ಆ ದಿನದ ವ್ಯಾಪಾರ ಹಾಳು. ಇದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಪೋಲೋ ಬಂದ ಮೇಲೆ ಗಿರಿಜಕ್ಕ ಅದಕ್ಕೂ ಒಂದು ಬಂಗುಡೆ ತಲೆ ಕತ್ತರಿಸಿ ಹಾಕುವ ಕ್ರಮ ಮಾಡಿದರು. ಹೆಸರು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ತುಳುವಿನಲ್ಲಿ ಕಿವಿಗೆ ಕೆಬಿ ಎನ್ನುವುದು. ಅವರು ನಾಯಿಯನ್ನು "ಕೆಬಿಯಣ್ಣ" ಎಂದೇ ಕರೆಯುತ್ತಿದ್ದರು.

ಆ ದಿನ ಬೆಳಿಗ್ಗೆ ನಾನು ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದೆ. ಕಟ್ಟಿ ಮುಗಿದ ಚೆಂಡುಗಳನ್ನು ಬಾಳೆಲೆಯ ಮೇಲೆ ಸಾಲಾಗಿ ಇಟ್ಟಿದ್ದೆ, ಹೂವಿನವನು ಬರುವ ಹೊತ್ತಾಗಿತ್ತು. ಪೋಲೋ ಬಂತು, ಮೂಸಿತು, ಒಂದು ಚೆಂಡನ್ನು ಕಚ್ಚಿಕೊಂಡು ಅಂಗಳಕ್ಕೆ ಹಾರಿತು. ಬೇಟೆಗಾರ ಹೊಡೆದ ಹಕ್ಕಿಯನ್ನು ಹಲ್ಲು ತಾಗಿಸದೆ ತಂದುಕೊಡುವ ಜಾತಿ ಇದು ಎಂದು ಡಾಕ್ಟರು ಹೇಳಿದ್ದರು. ನಿಜ, ಒಂದು ಮೊಗ್ಗೂ ಬಾಡಿರಲಿಲ್ಲ. ಆದರೆ ನಾಯಿಯ ಬಾಯಿಗೆ ಹೋದ ಮಲ್ಲಿಗೆಯನ್ನು ಯಾವ ದೇವರ ತಲೆಗೆ ಇಡುವುದು? ಸೌಟು ಅಡುಗೆಮನೆಯಲ್ಲಿತ್ತು. ಕೈಗೆ ಸಿಕ್ಕಿದ್ದು ಅಂಗಳ ಗುಡಿಸುವ ಹಿಡಿಸೂಡಿ. ಅದನ್ನು ಎತ್ತಿಕೊಂಡು ನಾನು ಗೇಟಿನ ಕಡೆ ಓಡಿದೆ. ಓಡುತ್ತಾ, ನನ್ನ ಜೀವಮಾನದಲ್ಲಿ ಮೊದಲ ಸಲ, ಬಾಯಿ ಬಿಟ್ಟು ಕೂಗಿದೆ.

ಆ ಹೆಸರಿನ ಕೊನೆಯ ಇಂಗ್ಲಿಷ್ ಓ ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ಓಡುವಾಗ ಹೊರಟದ್ದು, "ಪೋಲ, ಪೋಲ, ಪೋಲ."

ಗೇಟಿನ ಹೊರಗೆ ತಲೆಯ ಮೇಲೆ ತುಂಬಿದ ಬುಟ್ಟಿ ಹೊತ್ತು ಗಿರಿಜಕ್ಕ ನಿಂತಿದ್ದರು.

ಅವರು ನನ್ನ ಮುಖ ನೋಡಿದರು, ಹಿಡಿಸೂಡಿ ನೋಡಿದರು, ತಿರುಗಿ ನಡೆದರು. ನಾಯಿಗೆ ಮೀನಿನ ಬುಟ್ಟಿಯೇ ಎದ್ದು ಹೋಗುತ್ತಿರುವಂತೆ ಕಂಡಿರಬೇಕು. ಗೇಟಿನ ಸಂದಿಯಿಂದ ನುಸುಳಿ ಅವರ ಹಿಂದೆ ಹೊರಟಿತು. ನಾಯಿಯ ಹಿಂದೆ ನಾನು ಹೊರಟೆ. ಮುಂದೆ ಬುಟ್ಟಿ ಹೊತ್ತ ಗಿರಿಜಕ್ಕ, ನಡುವೆ ಮಲ್ಲಿಗೆ ಕಚ್ಚಿದ ನಾಯಿ, ಹಿಂದೆ ಹಿಡಿಸೂಡಿ ಎತ್ತಿದ ನಾನು. ಅವರು ವೇಗವಾಗಿ ನಡೆದಷ್ಟೂ ನಾಯಿ ವೇಗವಾಯಿತು, ನಾಯಿ ವೇಗವಾದಷ್ಟೂ ನಾನು ಜೋರಾಗಿ ಕೂಗಿದೆ. ತಿರುವಿನಲ್ಲಿ ಅವರು ರಿಕ್ಷಾ ಹತ್ತಿ ಹೋದರು. ಪೋಲೋ ಹಿಂದೆ ಬಂದು ಮಲ್ಲಿಗೆಯ ಚೆಂಡನ್ನು ನನ್ನ ಕಾಲ ಬಳಿ ಮೆತ್ತಗೆ ಇಟ್ಟು, ಹೊಗಳಿಕೆಗಾಗಿ ಕಾದು ನಿಂತಿತು.

ಹಿಂದೆ ಬರುವಾಗ ಲೀನಾ ಬಾಯಿ ಗೋಡೆಯ ಬಳಿಯೇ ಇದ್ದರು. "ಇಷ್ಟು ದೊಡ್ಡ ಸ್ವರ ನಿಮ್ಮಲ್ಲಿ ಉಂಟೆಂದು ನನಗೆ ಗೊತ್ತೇ ಇರಲಿಲ್ಲ ಮಾರಾಯ್ತಿ. ಆದರೂ ಮೀನಿನವರನ್ನು ಹಿಡಿಸೂಡಿ ಹಿಡಿದು ಓಡಿಸುವುದಾ?"

"ನಾನು ನಾಯಿಯನ್ನು ಕರೆದದ್ದು" ಎಂದೆ. ಸ್ವರ ಆಗಲೇ ಗಲ್ಲಕ್ಕೆ ಇಳಿದಿತ್ತು.

"ಕರೆದದ್ದಾ? ನೀವು ಪೋಲ ಪೋಲ ಅಂತ ಹೇಳಿದ್ದು ಚರ್ಚಿನವರೆಗೆ ಕೇಳಿರಬೇಕು."

ಆಗ ನನಗೆ ತಿಳಿಯಿತು. ತುಳುವಿನಲ್ಲಿ ಬಲ ಎಂದರೆ ಬಾ. ಪೋಲ ಎಂದರೆ ಹೋಗು. ಗೌರವಕ್ಕೆ ಪೋಲೆ ಎನ್ನಬೇಕು, ನಾನು ಅದನ್ನೂ ಅಂದಿರಲಿಲ್ಲ. ಅಷ್ಟು ವರ್ಷ ಅಕ್ಕ ಎಂದವರನ್ನು, ಬೋಣಿಯ ಹೊತ್ತಿಗೆ, ಏಕವಚನದಲ್ಲಿ, ಹಿಡಿಸೂಡಿಯ ಸಮೇತ, ತಿರುವಿನವರೆಗೆ ಹೋಗು ಹೋಗು ಎಂದು ಅಟ್ಟಿಸಿಕೊಂಡು ಹೋಗಿದ್ದೆ.

ಮರುದಿನ ಗಿರಿಜಕ್ಕ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಹಿಂದಿನ ಓಣಿಯಿಂದ ಹೋಗುತ್ತಿದ್ದಾರೆ ಎಂದು ತಿಳಿಯಿತು. ಫೋನು ಮಾಡೋಣವೆಂದು ಧೈರ್ಯ ಮಾಡಿದೆ. ಆ ಕಡೆಯಿಂದ ಯಾರೋ ಹೊಸ ಸ್ವರ, "ಯಾರು?" ಎಂದಿತು. ನಾನು "ಯಾರೂ ಇಲ್ಲ" ಎಂದು ಇಟ್ಟುಬಿಟ್ಟೆ. ಮನೆಯಲ್ಲಿ ಬೆಂಡೆಕಾಯಿಯ ಸಾರು, ಅಲಸಂಡೆಯ ಪಲ್ಯ, ಪುನಃ ಬೆಂಡೆಕಾಯಿಯ ಸಾರು. ನಿಮ್ಮ ಅಪ್ಪ ತಡೆಯಲಾರದೆ ಮಲ್ಪೆಗೇ ಹೋಗಿ ಮೀನು ತಂದ. ಮೀನು ಬಂತು, ಮಾತು ಬರಲಿಲ್ಲ. ನಾನು ಒಬ್ಬಳೇ ಬಂಗುಡೆ ಕತ್ತರಿಸುತ್ತಾ ಕುಳಿತಾಗ ಅದರ ಕಣ್ಣು ನನ್ನನ್ನೇ ನೋಡುತ್ತಿತ್ತು. ಪೋಲೋ ದಿನಾ ಬೆಳಿಗ್ಗೆ ಗೇಟಿನ ಬಳಿ ಹೋಗಿ ಕುಳಿತು, ಗದ್ದವನ್ನು ನೆಲಕ್ಕೆ ಇಟ್ಟು, ಹೊಲಿಗೆ ಟೀಚರಿನ ಕಣ್ಣಿನಿಂದ ದಾರಿ ನೋಡುತ್ತಿತ್ತು. ಹೆಸರು ಬದಲಿಸಿ ರಾಜ ಎಂದು ಕರೆದು ನೋಡಿದೆ. ರಾಜ ಯಾರೆಂದು ಅದು ಹಿಂದೆ ತಿರುಗಿ ಹುಡುಕಿತು.

ಲೀನಾ ಬಾಯಿ ಹಿಂದಿನ ಓಣಿಗೆ ಹೋಗಿ ಮೀನು ತಂದವರು ಸುದ್ದಿಯನ್ನೂ ತಂದರು. "ನಾನು ಹೇಳಿದೆ ಸುಮತಿಯಕ್ಕ, ಅದು ನಾಯಿಯ ಹೆಸರು ಅಂತ. ಅವರು ನಂಬುವುದಿಲ್ಲ. 'ಯಾರಾದರೂ ನಾಯಿಗೆ ಹೋಗು ಅಂತ ಹೆಸರಿಡ್ತಾರಾ ಬಾಯಮ್ಮ? ಅದು ಹೋದರೆ ಮತ್ತೆ ಅನ್ನ ಹಾಕುವುದು ಯಾರಿಗೆ?' ಅಂತ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ." ಲೀನಾ ಬಾಯಿಗೇ ಉತ್ತರ ಇಲ್ಲದ ಮೇಲೆ ನನ್ನಲ್ಲಿ ಎಲ್ಲಿಂದ ಬರಬೇಕು? ಇನ್ನು ಉಳಿದ ದಾರಿ ಒಂದೇ. ನಾಯಿಯನ್ನೇ ಸಾಕ್ಷಿಗೆ ಕರೆದುಕೊಂಡು ಹೋಗುವುದು.

ನೀವೆಲ್ಲ ಹೊರಟುಹೋದ ಒಂದು ಬೆಳಿಗ್ಗೆ ಪೋಲೋಗೆ ಬಾಚಿ, ಕುತ್ತಿಗೆಗೆ ಹಗ್ಗ ಹಾಕಿ, ಗಿರಿಜಕ್ಕನಿಗೆಂದು ಒಂದು ಚೆಂಡು ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿಕೊಂಡು ರಿಕ್ಷಾ ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿದೆ. "ಗಿರಿಜಕ್ಕ, ಅದು ನಿಮಗೆ ಹೇಳಿದ್ದಲ್ಲ." ರಿಕ್ಷಾದವನು, "ಎಂತ ಅಮ್ಮ?" ಎಂದ. "ನಿಮಗೆ ಹೇಳಿದ್ದಲ್ಲ" ಎಂದೆ. ಕಟಪಾಡಿಯಲ್ಲಿ ಹೆದ್ದಾರಿಗೆ ಸೇರುವಲ್ಲಿ ಲಾರಿಗಳ ಸಾಲಿಗಾಗಿ ಅವನು ನಿಲ್ಲಿಸಿದ್ದ. ಪೋಲೋ ಹೊರಗೆ ಬಾಗಿತು. ನಾನು ಹೆದರಿ ಅದರ ಹೆಸರು ಹೇಳಿದೆ. ರಿಕ್ಷಾ ಎರಡು ಲಾರಿಗಳ ನಡುವಿನಿಂದ ನುಗ್ಗಿ ಆಚೆ ಬಂತು. ನನ್ನ ಜೀವ ಈಚೆಯೇ ಉಳಿಯಿತು. "ಎಂತ ಮಾಡಿದ್ದು ನೀವು?" ಎಂದು ಕೇಳಿದರೆ, "ನೀವೇ ಅಲ್ವಾ ಹೇಳಿದ್ದು, ಪೋಲ ಅಂತ?" ಎಂದ. ಕಾಪು ದಾಟುವಾಗ ಗಾಳಿಗೆ ಪೋಲೋನ ಕಿವಿಗಳು ಎದ್ದು ರಿಕ್ಷಾದವನ ಎರಡು ಕೆನ್ನೆಗೂ ಸರದಿಯಂತೆ ಬಡಿಯುತ್ತಿದ್ದವು. ನಾನು ಅದನ್ನು ತಡೆಯಲು ಹೋಗಲಿಲ್ಲ.

ಎರ್ಮಾಳಿನಲ್ಲಿ ಗಿರಿಜಕ್ಕ ಮನೆಯ ಹಿಂದಿನ ಕಡಲ ಬದಿಯಲ್ಲಿ, ಚಾಪೆಯ ಮೇಲೆ ಒಣಗಲು ಹಾಕಿದ ಮೀನನ್ನು ಮಗುಚುತ್ತಿದ್ದರು. ಸ್ವಲ್ಪ ದೂರದಲ್ಲಿ ನಾಲ್ಕೈದು ಗಂಡಸರು ಬಲೆ ಹೆಣೆಯುತ್ತಿದ್ದರು. ಗಿರಿಜಕ್ಕ ನನ್ನನ್ನು ನೋಡಿ ಬೆನ್ನು ತಿರುಗಿಸಿದರು. "ಇಲ್ಲಿ ಮೀನು ಮಾರುವುದಿಲ್ಲ" ಎಂದರು. ಬಾಯಿಪಾಠ ಮಾಡಿದ ವಾಕ್ಯ ಕಟಪಾಡಿಯ ಲಾರಿಗಳ ನಡುವೆಯೇ ಬಿದ್ದುಹೋಗಿತ್ತು. ನಾನು ಬಾಯಿ ತೆರೆದೆ, ಮುಚ್ಚಿದೆ, ತೆರೆದೆ. ಬುಟ್ಟಿಯಲ್ಲಿರುವ ಮೀನು ಹೀಗೆಯೇ ಮಾಡುವುದು.

ಆಗ ಪೋಲೋ ಕಡಲನ್ನು ನೋಡಿತು. ಅದು ಹುಟ್ಟಿದ ಮೇಲೆ ಕಡಲು ನೋಡಿದ್ದು ಅದೇ ಮೊದಲು. ಬಾಲ ಅಲ್ಲಾಡಿತು, ಹಿಂದಿನ ಅರ್ಧ ಅಲ್ಲಾಡಿತು, ಹಗ್ಗ ನನ್ನ ಕೈಯಿಂದ ಜಾರಿತು. ಮರಳಿನ ಮೇಲೆ ಕಿವಿಗಳನ್ನು ಹಾರಿಸಿಕೊಂಡು ಓಡಿ ನೇರ ನೀರಿಗೆ ಇಳಿಯಿತು. ನಾನು ಹಿಂದೆ ಓಡಿದೆ. ಆ ಹೆಸರನ್ನು ಮಾತ್ರ ಗಿರಿಜಕ್ಕನ ಎದುರು ಇನ್ನೊಮ್ಮೆ ಹೇಳಬಾರದೆಂದು ಹಲ್ಲು ಕಚ್ಚಿದೆ. ಅದರ ಬದಲು, ಗಾಬರಿಯಲ್ಲಿ ನಾಯಿಗೂ ಗೌರವ ಕೊಟ್ಟು, "ಬಲೆ, ಬಲೆ" ಎಂದೆ. ಬನ್ನಿ, ಬನ್ನಿ ಎಂದು. ನಾಯಿ ಇನ್ನೂ ಮುಂದೆ ಹೋಯಿತು. ಬಲೆ ಹೆಣೆಯುತ್ತಿದ್ದವರಲ್ಲಿ ಒಬ್ಬರು ಸೂಜಿ ನಿಲ್ಲಿಸಿ, "ಬಲೆ ಎಂತಕ್ಕೆ ಅಮ್ಮ, ನಾಯಿ ಹಿಡಿಯಲಿಕ್ಕಾ?" ಎಂದು ಕೇಳಿದರು.

ಒಂದು ತೆರೆ ಬಂತು. ಪೋಲೋನ ತಲೆ ಮುಳುಗಿತು. ಎರಡು ಕಿವಿಗಳು ಮಾತ್ರ ನೀರಿನ ಮೇಲೆ ಎಲೆಗಳ ಹಾಗೆ ತೇಲಿದವು. ನನಗೆ ಗಿರಿಜಕ್ಕನೂ ಮರೆತುಹೋದರು, ಬೋಣಿಯೂ ಮರೆತುಹೋಯಿತು, ನಾಚಿಕೆಯೂ ಮರೆತುಹೋಯಿತು. ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ಎಲ್ಲಿಂದ ಬಂತೋ ತಿಳಿಯದ ಸ್ವರದಲ್ಲಿ, "ಪೋಲ, ಪೋಲ, ಪೋಲ" ಎಂದು ಕೂಗಿದೆ. ಹಿಂದಿನಿಂದ ಇನ್ನೊಬ್ಬರು, "ನಾವು ಎಲ್ಲಿಗೆ ಹೋಗುವುದು ಅಮ್ಮ? ಇಲ್ಲಿಯವರೇ ಅಲ್ವಾ?" ಎಂದದ್ದು ಕೇಳಿತು. ನಾನು ನಿಲ್ಲಿಸಲಿಲ್ಲ. ತೆರೆಯ ನಡುವಿನಿಂದ ಕಂದು ತಲೆಯೊಂದು ಮೇಲೆ ಬಂತು, ನನ್ನ ಕಡೆ ತಿರುಗಿತು. ನಾನು ಹೋಗು ಎಂದಷ್ಟೂ ಹತ್ತಿರ ಬಂತು. ಬಾಯಿಯಲ್ಲಿ ಯಾರದೋ ಹಳೆಯ ಚಪ್ಪಲಿ ಇತ್ತು. ಅದನ್ನು ತಂದು, ನನ್ನನ್ನು ದಾಟಿ, ಗಿರಿಜಕ್ಕನ ಕಾಲ ಬಳಿ ಮೆತ್ತಗೆ ಇಟ್ಟು, ಮೈ ಕೊಡವಿತು. ಅರ್ಧ ಒಣಗಿದ್ದ ಮೀನೆಲ್ಲ ಪುನಃ ಒದ್ದೆಯಾಯಿತು.

ಗಿರಿಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತು, ಪರೀಕ್ಷೆ ಮಾಡುವವರಂತೆ, "ಬಲ" ಎಂದರು. ಪೋಲೋ ಕದಲಲಿಲ್ಲ. "ಪೋಲ" ಎಂದರು. ಓಡಿಹೋಗಿ ಅವರ ಸೀರೆಗೆ ಒರಗಿ ನಿಂತಿತು.

"ಇದಕ್ಕೆ ಹೆಸರು ಇಟ್ಟದ್ದು ಯಾರು?"

"ಮೊಮ್ಮಗ."

"ತುಳು ಬರ್ತದಾ ಅವನಿಗೆ?"

"ಇಲ್ಲ."

"ಹೌದು, ಗೊತ್ತಾಗ್ತದೆ" ಎಂದವರೇ ಗಿರಿಜಕ್ಕ ಮರಳಿನ ಮೇಲೆ ಕುಳಿತು ನಗಲು ಆರಂಭಿಸಿದರು. ಬಲೆಯವರೂ ನಕ್ಕರು. ನಗು ಸ್ವಲ್ಪ ಇಳಿದ ಮೇಲೆ ಅವರೇ ಹೇಳಿದರು: "ನಾಯಿ ಸರಿಯಾದ ಮನೆಗೇ ಬಂದಿದೆ ಸುಮತಿಯಕ್ಕ. ಇಷ್ಟು ವರ್ಷ ನಾನು ಗೇಟಿನಲ್ಲಿ ನಿಂತು ಬಲೆ ಬಲೆ ಎಂದು ಕರೆದರೆ ನೀವು ಮೊದಲು ಒಳಗೆ ಓಡುವುದು. ಕರೆದರೆ ಹೋಗುವ ಯಜಮಾನಿ, ಹೋಗು ಎಂದರೆ ಬರುವ ನಾಯಿ. ನಿಮ್ಮಿಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಬಹುದು." ನಾನು ಮಲ್ಲಿಗೆಯನ್ನು ಅವರ ಕೈಗೆ ಕೊಟ್ಟೆ. ಅವರು ಮೂಸಿ ನೋಡಿ, "ಇದು ಆ ದಿನದ್ದಲ್ಲ ತಾನೆ?" ಎಂದು ಕೇಳಿಯೇ ಮುಡಿದುಕೊಂಡರು.

ಮರುದಿನ ಬೆಳಿಗ್ಗೆ ಬುಟ್ಟಿ ಪುನಃ ನಮ್ಮ ಅಂಗಳದಲ್ಲಿ ಇಳಿಯಿತು. ಬೋಣಿಯ ದೋಷಕ್ಕೆ ಗಿರಿಜಕ್ಕ ತಾವೇ ಪರಿಹಾರ ಹುಡುಕಿದ್ದರು. ಹೋಗು ಎಂದರೆ ಬರುವುದು ಈ ಮನೆಯ ಕ್ರಮವಾದ್ದರಿಂದ ಇಲ್ಲಿ ಆ ಮಾತು ಶುಭವೇ ಎಂದು ತೀರ್ಮಾನಿಸಿದರು. ಈಗ ಅವರು ಗೇಟಿನಲ್ಲಿ ನಿಂತು ಮೀನು ಬೇಕಾ ಎಂದು ಕೇಳುವುದಿಲ್ಲ. "ಪೋಲಾ" ಎಂದು ಉದ್ದಕ್ಕೆ ಎಳೆಯುತ್ತಾರೆ. ಪೋಲೋ ಓಡಿಹೋಗಿ ಬಂಗುಡೆಯ ತಲೆ ಪಡೆದುಕೊಳ್ಳುತ್ತದೆ. ಹಿಂದಿನಿಂದ ನಾನು ನಿಧಾನವಾಗಿ ಪಾತ್ರೆ ಹಿಡಿದು ಹೋಗುತ್ತೇನೆ.

ಮೊನ್ನೆ ಮಾತ್ರ ಒಂದು ಸಣ್ಣ ವಿಷಯ ನಡೆಯಿತು. ಅದನ್ನು ನಿಮ್ಮ ಅಪ್ಪನಿಗೆ ಹೇಳಬೇಡಿ. ಪೋಲೋ ಕಿವಿಗೆ ಔಷಧಿ ಹಾಕಿಸಿಕೊಂಡು, ಹತ್ತಿ ತುರುಕಿಸಿಕೊಂಡು, ಮಂಚದಡಿಯಲ್ಲಿ ಸಿಟ್ಟಿನಿಂದ ಮಲಗಿತ್ತು. ನಾನು ಜಗಲಿಯಲ್ಲಿ ಹೂ ಕಟ್ಟುತ್ತಾ ಏನೋ ಯೋಚಿಸುತ್ತಿದ್ದೆ. ಗೇಟಿನಿಂದ "ಪೋಲಾ" ಎಂದು ಕೇಳಿತು. ಒಳಗೆ ಓಡಬೇಕೆಂದು ನನಗೆ ತೋರಲೇ ಇಲ್ಲ. ಮಡಿಲಿನ ಮಲ್ಲಿಗೆಯೆಲ್ಲ ನೆಲಕ್ಕೆ ಚೆಲ್ಲಿ, ಪಾತ್ರೆಯನ್ನೂ ಹಿಡಿಯದೆ, ಅಂಗಳ ದಾಟಿ ಗೇಟಿನ ಎದುರು ಹೋಗಿ ನಿಂತಿದ್ದೆ. ಗಿರಿಜಕ್ಕ ನನ್ನನ್ನು ನೋಡಿದರು. ನನ್ನ ಹಿಂದೆ ನಾಯಿ ಉಂಟಾ ಎಂದು ಬಗ್ಗಿ ನೋಡಿದರು. ಆಮೇಲೆ ಬುಟ್ಟಿ ಇಳಿಸಿ, ಒಂದು ಬಂಗುಡೆಯ ತಲೆ ಕತ್ತರಿಸಿ ನನ್ನ ಕಡೆ ಚಾಚಿದರು.